ಮೋಮಿ ಆಂಟಿಯ ಬಾತ್‌ಟಬ್ಬಿನ ಕೆಸು

ನನಗೊಂದು ಕೆಟ್ಟ ಚಾಳಿಯಿದೆ. ಬೆಳಗಿನ ವಾಕಿಂಗಿಗೆ ಹೊರಡುವಾಗ ಸ್ವೆಟರಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಕವರು ಇಟ್ಟುಕೊಂಡೇ ಹೊರಡುತ್ತೇನೆ. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೇಲಿಯಿಂದ ಆಚೆಗೆ ಬಾಗಿದ ಹೂವು ಬೀದಿಯದು, ಬೀದಿ ಎಲ್ಲರದು, ಆ ಎಲ್ಲರೊಳಗೆ ನಾನೂ ಒಬ್ಬಳು, ಆದ್ದರಿಂದ ಹೂವು ನನ್ನದು. ಈ ತರ್ಕಶಾಸ್ತ್ರ ನನಗೆ ಬಂದದ್ದು ಮೈಸೂರಿನ ನಮ್ಮ ಅಜ್ಜಿಯಿಂದ. ಅಜ್ಜಿ ಮುಂಜಾನೆ ದೋಟಿ ಹಿಡಿದು ಹೊರಟರೆ ನಮ್ಮ ಬೀದಿಯ ಕಾಂಪೌಂಡು ಗೋಡೆಗಳೆಲ್ಲ ತಾವಾಗಿಯೇ ಒಂದಡಿ ತಗ್ಗುತ್ತಿದ್ದವು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಒಮ್ಮೆ ಕಿಟಕಿಯಿಂದ, "ಏನಮ್ಮಾ, ನಮ್ಮ ದೇವರಿಗೂ ಎರಡು ದಾಸವಾಳ ಬಿಡಿ" ಎಂದು ಕೂಗಿದ್ದಕ್ಕೆ ಅಜ್ಜಿ, "ನಿಮ್ಮ ದೇವರು, ನಮ್ಮ ದೇವರು ಅಂತ ಭೇದ ಮಾಡಬಾರದು ಮೇಷ್ಟ್ರೇ" ಎಂದು ವೇದಾಂತ ಹೇಳಿ ಮೂರನೆಯ ದಾಸವಾಳಕ್ಕೆ ದೋಟಿ ಹಾಕಿದ್ದರು.

ಈಗ ನಾನಿರುವುದು ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿ. ಇಲ್ಲಿ ಕಾಂಪೌಂಡು ಇಲ್ಲ, ದೋಟಿ ಬೇಡ, ನಾಯಿಗಳಿಗೂ ಹಗ್ಗ ಕಟ್ಟಿರುತ್ತಾರೆ. ಹೂಗಳ್ಳಿಗೆ ಇದಕ್ಕಿಂತ ಒಳ್ಳೆಯ ಊರು ಸಿಕ್ಕುವುದಿಲ್ಲ. ಒಂದೇ ತೊಂದರೆಯೆಂದರೆ ಪ್ರತಿ ಬಾಗಿಲಿಗೂ ಕ್ಯಾಮೆರಾ. ನಮ್ಮ ಮಗಳು ನಿಧಿಗೆ ಹದಿನಾಲ್ಕು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಬಡಾವಣೆಯ ಗ್ರೂಪಿನಲ್ಲಿ ಯಾರೋ ಹಾಕಿದ್ದ ಮಸುಕು ಫೋಟೋವೊಂದನ್ನು ಒಂದು ದಿನ ಅವಳು ನನ್ನ ಮೂಗಿನ ಮುಂದೆ ಹಿಡಿದಳು. ಅದರಲ್ಲಿ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಮಫ್ಲರು ತೊಟ್ಟ ಆಕೃತಿಯೊಂದು ಗುಲಾಬಿ ಗಿಡದೊಳಗೆ ಕೈ ಹಾಕಿತ್ತು. "ಅಮ್ಮಾ, ಯು ಆರ್ ಲಿಟರಲೀ ಅ ಕ್ರಿಮಿನಲ್" ಎಂದಳು. ನಾನು ಅಂದಿನಿಂದ ಮಫ್ಲರು ಬದಲಾಯಿಸಿದೆ.

ಮೋಮಿ ಆಂಟಿ ನನಗೆ ಸಿಕ್ಕದ್ದು ಈ ಚಾಳಿಯಿಂದಲೇ.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಹಳೆಯ ಸಣ್ಣ ಮನೆ. ಮನೆಯ ನಾಲ್ಕು ಮೂಲೆಗೂ ದೊಡ್ಡ ಕುಂಡಗಳಲ್ಲಿ ಉದ್ದೆಲೆಯ, ಎಣ್ಣೆ ಸವರಿದಂತೆ ಮಿಂಚುವ ಗಿಡಗಳು ಕಾವಲುಗಾರರ ಹಾಗೆ ನಿಂತಿದ್ದವು. ಮುಂಬಾಗಿಲ ಹತ್ತಿರ ಒಂದು ಮರ. ಅದರ ತುಂಬ ರೇಷ್ಮೆ ಕುಚ್ಚಿನಂಥ ಕಡುಗೆಂಪು ಹೂವು. ಜೂನ್ ತಿಂಗಳ ಒಂದು ಮಂಗಳವಾರ ಗಣಪತಿಗೆ ಕೆಂಪು ಹೂವು ಬೇಕಿತ್ತು. ಕೊಂಬೆ ಬಗ್ಗಿಸಿ ಇನ್ನೇನು ಕೀಳಬೇಕು, ಬೆನ್ನ ಹಿಂದಿನಿಂದ ದನಿ ಬಂತು. ಅದು ಇಂಗ್ಲಿಷಿನಲ್ಲಿ ಬಂತು. ಮುಂದೆಯೂ ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತೇನೆ, ಅವರು ಬೇಸರ ಮಾಡಿಕೊಳ್ಳುವವರಲ್ಲ.

"ಕೇಳಿದ್ರಾ?"

ತಿರುಗಿ ನೋಡಿದರೆ ಎಪ್ಪತ್ತೈದರ ಆಸುಪಾಸಿನ ಹೆಂಗಸು. ಅಗಲವಾದ ಮೈ, ಹೂವಿನ ಚಿತ್ತಾರದ ನಿಲುವಂಗಿ, ಕೈಯಲ್ಲಿ ನೀರಿನ ಪೈಪು. ನಾನು ತೊದಲಿದೆ. "ಸಾರಿ. ಬೆಲ್ ಮಾಡೋಣ ಅಂದ್ಕೊಂಡೆ. ಇಷ್ಟು ಬೆಳಗ್ಗೆ ನಿಮಗ್ಯಾಕೆ ತೊಂದರೆ ಅಂತ..."

"ನನ್ನನ್ನಲ್ಲ. ಮರಾನ ಕೇಳಿದ್ರಾ?"

ಮೈಸೂರಿನ ಮೇಷ್ಟ್ರಿಗೆ ಉತ್ತರ ಕೊಟ್ಟ ವಂಶದವಳು ನಾನು. ಆದರೆ ಮರವನ್ನು ಕೇಳುವ ವಿಧಿ ಅಜ್ಜಿಯ ಶಾಸ್ತ್ರದಲ್ಲಿರಲಿಲ್ಲ. "ಯಾವ ಭಾಷೇಲಿ ಕೇಳ್ಲಿ?" ಎಂದೆ, ತಪ್ಪಿಸಿಕೊಳ್ಳಲು.

"ನಿಮ್ಮ ಭಾಷೇಲಿ ಕೇಳಿ. ಅದಕ್ಕೆ ಗೊತ್ತಾಗತ್ತೆ."

ಹೀಗೆ ಬೆಳಗಿನ ಏಳು ಗಂಟೆಗೆ ಕ್ಯಾಂಪ್‌ಬೆಲ್ಲಿನ ಫುಟ್‌ಪಾತಿನಲ್ಲಿ ನಿಂತು ನಾನು ಒಂದು ಮರಕ್ಕೆ, "ಅಮ್ಮಾ, ಗಣಪತಿಗೆ ನಾಲ್ಕು ಹೂವು ಬೇಕಿತ್ತು, ಕಿತ್ಕೊಳ್ಳಲಾ?" ಎಂದು ಕೇಳಿದೆ. ಪಕ್ಕದಲ್ಲಿ ಓಡುತ್ತಿದ್ದವನೊಬ್ಬ ಕಿವಿಯಿಂದ ಇಯರ್‌ಫೋನು ತೆಗೆದು ನೋಡಿ, ಮತ್ತೆ ಹಾಕಿಕೊಂಡು, ಇನ್ನೂ ಜೋರಾಗಿ ಓಡಿದ.

"ಏನಂತು?" ಎಂದರು ಆಕೆ.

"ಏನೂ ಅನ್ನಲಿಲ್ಲ."

"ಹಾಗಾದ್ರೆ ಎರಡು ಕಿತ್ಕೊಳ್ಳಿ. ನಾಲ್ಕು ಬೇಡ."

ಆಮೇಲೆ ತಿಳಿದದ್ದು: ಆಕೆ ಹವಾಯಿ ದ್ವೀಪದವರು, ಮೂಲನಿವಾಸಿಗಳ ಕುಲ. ಮದುವೆಯಾಗಿ ಇಪ್ಪತ್ತನೆಯ ವಯಸ್ಸಿಗೆ ಇಲ್ಲಿಗೆ ಬಂದು, ಗಂಡನನ್ನು ಕಳೆದುಕೊಂಡು, ಮಂಡಿ ನೋವು ಶುರುವಾಗುವ ತನಕ ಊರಿನ ಮಕ್ಕಳಿಗೆ ಹುಲಾ ನೃತ್ಯ ಹೇಳಿಕೊಟ್ಟವರು. ಅವರ ದ್ವೀಪದಲ್ಲಿ ಲೆಹುವಾ ಎಂಬ ಹೂವಿದೆಯಂತೆ. ಮರ ಗಂಡು, ಹೂವು ಹೆಣ್ಣು, ಇಬ್ಬರೂ ಪ್ರೇಮಿಗಳು; ಹೂವು ಕಿತ್ತರೆ ಅಗಲಿಕೆಯ ಕಣ್ಣೀರಾಗಿ ಮಳೆ ಬರುತ್ತದೆ. ನಾನು ಕಿತ್ತದ್ದು ನಿಜವಾದ ಲೆಹುವಾ ಅಲ್ಲ, ನ್ಯೂಜಿಲೆಂಡಿನಿಂದ ಬಂದ ಅದರ ನೆಂಟರ ಪೈಕಿ. "ಆದ್ರೂ ನೆಂಟರು ನೆಂಟರೇ. ಅದಕ್ಕೇ ಕೇಳ್ತೀನಿ" ಎಂದರು. ಜೂನಿನಲ್ಲಿ ಇಲ್ಲಿ ಹನಿ ಬೀಳುವುದಿಲ್ಲ ಎಂದು ಗೊತ್ತಿದ್ದರೂ ನಾನು ಮೂರು ದಿನ ಆಕಾಶ ನೋಡಿಕೊಂಡೇ ಓಡಾಡಿದೆ.

ಹೆಸರು ಮೋಮಿ. ಹಾಗೆಂದರೆ ಮುತ್ತು ಎಂದು ಅರ್ಥವಂತೆ. ಮನೆಗೆ ಬಂದು ಹೇಳಿದ್ದೇ ತಡ ನಮ್ಮ ಯಜಮಾನರು ಶ್ರೀಧರ, "ಅಂದ್ರೆ ಮುತ್ತಮ್ಮ ಅನ್ನು" ಎಂದರು. ಅವತ್ತಿನಿಂದ ಮನೆಯೊಳಗೆ ಅವರು ಮುತ್ತಮ್ಮನೇ. ಎದುರಿಗೆ ಮಾತ್ರ ಆಂಟಿ. ಹವಾಯಿಯಲ್ಲೂ ಪರಿಚಯದ ದೊಡ್ಡವರನ್ನೆಲ್ಲ ಆಂಟಿ ಎಂದೇ ಕರೆಯುತ್ತಾರಂತೆ. ಇದರಲ್ಲಿ ಒಂದು ಅಪಾಯವೂ ಇತ್ತು. ಎರಡನೆಯ ಭೇಟಿಯಲ್ಲಿ ಅವರು ಪಕ್ಕದ ಮನೆಯ ಹುಡುಗನಿಗೆ ನನ್ನನ್ನು ತೋರಿಸಿ, "ಜಯಾ ಆಂಟಿಗೆ ಆ ಕುರ್ಚಿ ಕೊಡು" ಎಂದರು. ಎಪ್ಪತ್ತೈದರ ಬಾಯಿಂದ ಆಂಟಿ ಅನ್ನಿಸಿಕೊಂಡ ನಾನು ಆ ಕುರ್ಚಿಯಲ್ಲಿ ಕೂತು, ಕಿವಿಯ ಹತ್ತಿರದ ನರೆಕೂದಲನ್ನು ಮೆಲ್ಲಗೆ ಒಳಗೆ ಸೇರಿಸಿಕೊಂಡೆ.

ಅವರ ಮನೆಗೆ ಹೋಗಿ ಬರುವುದು ನನಗೆ ಅಭ್ಯಾಸವಾಯಿತು. ಮೂಲೆಯ ಕಾವಲುಗಿಡದ ಹೆಸರು ಟೀ ಎಂದಾಗ, "ಇದರಿಂದ ಟೀ ಹೇಗೆ ಮಾಡ್ತೀರಿ?" ಎಂದು ಕೇಳಿ ನಗೆಪಾಟಲಾದೆ. ಅದು ಚಹಾದ ಗಿಡವೇ ಅಲ್ಲ. ಮನೆಯ ನಾಲ್ಕು ಮೂಲೆಗೆ ನೆಟ್ಟರೆ ಕೆಟ್ಟದ್ದು ಒಳಗೆ ಬರುವುದಿಲ್ಲ. ಜ್ವರ ಬಂದರೆ ಎಲೆಯನ್ನು ಹಣೆಗೆ ಕಟ್ಟುತ್ತಾರೆ. ಅಡುಗೆ ಕಟ್ಟಿ ಬೇಯಿಸುವುದಕ್ಕೂ ಅದೇ ಎಲೆ, ದೇವರಿಗೆ ಇಡುವುದನ್ನು ಸುತ್ತುವುದಕ್ಕೂ ಅದೇ. ನಮ್ಮ ಬಾಳೆಲೆ, ಮಾವಿನೆಲೆ, ಬೇವಿನೆಲೆ ಮೂರೂ ಸೇರಿ ಒಂದಾದ ಹಾಗೆ. ಅಲ್ಲಿಂದ ಮುಂದೆ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಬಾಗಿಲಿಗೆ ಟೀ ಎಲೆಯ ತೋರಣ ಕಟ್ಟಿದೆ. ಲಕ್ಷ್ಮಿ ಒಳಗೆ ಬಂದಳೋ, ಗಡಿಬಿಡಿಯಲ್ಲಿ ಹೊರಗೇ ನಿಂತಳೋ ತಿಳಿಯದು.

ಅವರ ಸೋಫಾದ ಮೇಲೊಂದು ಹೆಣೆದ ಚಾಪೆಯಿತ್ತು. ಎಲೆಯ ಅಂಚು ಮುಟ್ಟಿ ನೋಡಿದವಳು ಕೂಗಿದೆ: "ಆಂಟಿ, ಇದು ನಮ್ಮ ಕೇದಿಗೆ!" ನಮ್ಮ ಅಮ್ಮ ಮದುವೆಯ ಫೋಟೋದಲ್ಲಿ ಜಡೆಗೆ ಮುಡಿದದ್ದು ಅದೇ. ಅಲ್ಲಿ ಅದನ್ನು ಹಲಾ ಎನ್ನುತ್ತಾರೆ. ಮುಳ್ಳು ಹೆರೆದು, ಒಣಗಿಸಿ, ಚಾಪೆ, ಬುಟ್ಟಿ, ಹಿಂದೆ ದೋಣಿಯ ಹಾಯಿ ಕೂಡ ಹೆಣೆಯುತ್ತಿದ್ದರು. ಅದರ ಗಂಡು ಹೂವಿನ ಪುಡಿಯನ್ನು ಗಂಡಸರನ್ನು ಒಲಿಸಿಕೊಳ್ಳಲು ಬಳಸುತ್ತಿದ್ದರೆಂದು ಆಂಟಿ ಪಿಸುಗುಟ್ಟಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೆ ಆ ಪುಡಿಯ ಉಪಯೋಗ ಕಾಣಲಿಲ್ಲ. ಗುರುವಾರ ಕಸದ ಡಬ್ಬಿಯನ್ನು ಗಂಡಂದಿರು ತಾವಾಗಿಯೇ ಹೊರಗಿಡುವಂತೆ ಮಾಡುವ ಪುಡಿ ಏನಾದರೂ ಇದೆಯೇ ಎಂದು ಕೇಳಿದೆ. ಅಷ್ಟು ಬಲವಾದ ಗಿಡ ಹವಾಯಿಯಲ್ಲೂ ಹುಟ್ಟಿಲ್ಲವಂತೆ.

ನಮ್ಮ ಮನೆಯ ಗಂಡಸಿನ ಕತೆಯೂ ಒಂದಿದೆ. ಹಾರ ಮಾಡಲು ಊರಿನಿಂದ ತರಿಸಿದ್ದ ಕುಕುಯಿ ಕಾಯಿಗಳು ಆಂಟಿಯ ಮೇಜಿನ ಮೇಲಿದ್ದವು. ಹಿಂದೆ ಇವುಗಳ ಬೀಜವನ್ನು ತೆಂಗಿನ ಕಡ್ಡಿಗೆ ಪೋಣಿಸಿ ದೀಪ ಉರಿಸುತ್ತಿದ್ದರಂತೆ. ಅಷ್ಟು ಎಣ್ಣೆಯ ಬೀಜ. ಒಡೆದಿಟ್ಟದ್ದನ್ನು ಕಂಡ ನಮ್ಮ ಯಜಮಾನರು, ಯಾವ ಬೀಜ ಕಂಡರೂ ಬಾದಾಮಿ ಎಂದು ತಿಳಿಯುವ ಪ್ರಾಣಿ, ಮಾತಾಡುತ್ತಾ ಮೂರು ಬಾಯಿಗೆ ಹಾಕಿಕೊಂಡರು. ಆಂಟಿ ಗಾಬರಿಯಾಗಿ, "ಹಸೀದು ತಿನ್ನಬಾರದು! ಅದು ಹೊಟ್ಟೆ ತೊಳೆಯೋ ಔಷಧಿ!" ಎಂದರು. "ಏನಾಗಲ್ಲ ಬಿಡಿ ಆಂಟಿ, ನಾನು ಹಾಸನದೋನು" ಎಂದರು ಇವರು. ಮಾರನೆಯ ದಿನ ಹಾಸನದವರು ಆಫೀಸಿನ ಮೀಟಿಂಗುಗಳನ್ನೆಲ್ಲ ವೀಡಿಯೋ ಆಫ್ ಮಾಡಿ, ಮ್ಯೂಟ್ ಮಾಡಿ, ಬಾತ್‌ರೂಮಿನಿಂದಲೇ ಮುಗಿಸಿದರು. ಹೇಳಿದ ಮಾತು ಕೇಳಬೇಕು ಎಂದು ನಾನು ಅವರಿಗೆ ದಿನವಿಡೀ ಬಾಗಿಲಾಚೆಯಿಂದ ಬುದ್ಧಿ ಹೇಳಿದೆ. ಈ ಬುದ್ಧಿಮಾತು ಎರಡು ತಿಂಗಳಲ್ಲಿ ನನಗೇ ಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಆಂಟಿಯ ಹಿತ್ತಿಲಲ್ಲಿ ಒಂದು ಹಳೆಯ ಬಾತ್‌ಟಬ್ಬು. ಅದರ ತುಂಬ ಕೆಸರು, ಕೆಸರಿನ ತುಂಬ ಆನೆಕಿವಿಯಂಥ ಎಲೆಗಳು. ಆಗಸ್ಟಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ ನನಗೆ ತಡೆಯಲಾಗಲಿಲ್ಲ. "ಕೆಸು! ಆಂಟಿ, ಇದು ನಮ್ಮದು. ನಮ್ಮ ಕಡೆ ಇದರಲ್ಲಿ ಪತ್ರೊಡೆ ಮಾಡ್ತೀವಿ. ಶತಮಾನಗಳಿಂದ ಮಾಡ್ತೀವಿ."

ಇಲ್ಲಿ ಒಂದು ವಿಷಯ ನಿಮ್ಮ ಹತ್ತಿರ ಮುಚ್ಚಿಡುವುದು ಸರಿಯಲ್ಲ. ನಾನು ಮೈಸೂರಿನವಳು. ಪತ್ರೊಡೆ ಕರಾವಳಿಯವರದು. ಜೀವಮಾನದಲ್ಲಿ ನಾನು ಅದನ್ನು ತಿಂದದ್ದು ಎರಡು ಸಲ, ಎರಡೂ ಸಲ ಬೇರೆಯವರ ಮನೆಯಲ್ಲಿ. ಆದರೆ ಹೊರದೇಶಕ್ಕೆ ಬಂದ ಮೇಲೆ ಇಡೀ ಕರ್ನಾಟಕ ನಮ್ಮದೇ ಆಗಿಬಿಡುತ್ತದಲ್ಲ.

"ಇದು ಕಲೋ" ಎಂದರು ಆಂಟಿ. "ನಮ್ಮ ಅಣ್ಣ."

ನಾನು ನಕ್ಕೆ. ಅವರು ನಗಲಿಲ್ಲ. ಆಕಾಶದ ದೇವರಿಗೆ ಹುಟ್ಟಿದ ಮೊದಲ ಮಗುವಿಗೆ ಉಸಿರಿರಲಿಲ್ಲವಂತೆ. ಮಣ್ಣು ಮಾಡಿದ ಜಾಗದಲ್ಲಿ ಈ ಗಿಡ ಎದ್ದಿತು. ಎರಡನೆಯ ಮಗು ಮನುಷ್ಯ. ಹವಾಯಿ ಜನವೆಲ್ಲ ಅವನ ಸಂತತಿ. ಹಾಗಾಗಿ ಕಲೋ ಎಲ್ಲರಿಗೂ ಅಣ್ಣ. ತಮ್ಮಂದಿರು ಅಣ್ಣನನ್ನು ನೋಡಿಕೊಳ್ಳಬೇಕು, ಅಣ್ಣ ಅವರ ಹೊಟ್ಟೆ ತುಂಬಿಸುತ್ತಾನೆ. ಅವರ ಹಿಂದಿನವರು ದೋಣಿ ಕಟ್ಟಿಕೊಂಡು ಸಮುದ್ರ ದಾಟಿ ಆ ದ್ವೀಪಗಳಿಗೆ ಹೋದಾಗ ಇದನ್ನೂ, ಅರಿಶಿನವನ್ನೂ, ಕಬ್ಬನ್ನೂ ಜೊತೆಗೆ ಒಯ್ದಿದ್ದರಂತೆ. ನಾವು ಎರಡು ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಹುಣಸೆಹಣ್ಣು, ಅಕ್ಕ ಮಾಡಿಕೊಟ್ಟ ಸಾರಿನ ಪುಡಿ ತುಂಬಿಕೊಂಡು ಬಂದ ಹಾಗೆ.

"ಈ ಟಬ್ಬಿನಲ್ಲಿರೋದು ನಮ್ಮಮ್ಮನ ಗಿಡ" ಎಂದರು ಆಂಟಿ. "ಗೆಡ್ಡೆ ಕೊಯ್ದು ತಿಂದು, ಮೇಲಿನ ದಂಟನ್ನ ಮತ್ತೆ ನೆಡ್ತೀವಿ. ಅದೇ ಗಿಡ ಮತ್ತೆ ಬರತ್ತೆ. ಅಮ್ಮ ಹೋಗಿ ಮೂವತ್ತು ವರ್ಷ ಆಯ್ತು. ಅವರು ನೆಟ್ಟಿದ್ದನ್ನೇ ನಾನು ಇನ್ನೂ ತಿಂತಿದೀನಿ."

ಎಲೆ ಬೇಕೆಂದು ಕೇಳಿದೆ. ಮೊದಲು ಅವರನ್ನು, ಆಮೇಲೆ, ಈಗ ರೂಢಿಯಾಗಿತ್ತು, ಗಿಡವನ್ನು. ಇಪ್ಪತ್ತೈದು ಎಲೆ ಕೊಟ್ಟರು. ಕೊಡುವಾಗ ಒಂದೇ ಮಾತು ಹೇಳಿದರು: "ಒಂದು ಗಂಟೆಗಿಂತ ಕಡಿಮೆ ಬೇಯಿಸಬೇಡ ಜಯಾ. ಅರೆಬೆಂದ್ರೆ ಗಂಟಲು ಹಿಡಿಯತ್ತೆ. ಅಣ್ಣನಿಗೆ ಅವಸರ ಆಗಲ್ಲ."

"ಅಯ್ಯೋ ಆಂಟಿ, ನನಗೇ ಹೇಳ್ತೀರಾ? ನಮ್ಮದೇ ಎಲೆ" ಎಂದೆ. ಅವರು ನಕ್ಕು, ಶನಿವಾರ ತಾವೂ ಕಲೋದಿಂದ ಏನಾದರೂ ಮಾಡಿ ತರುವುದಾಗಿ ಹೇಳಿದರು.

ಶನಿವಾರ ನಮ್ಮ ಮನೆಯಲ್ಲಿ ಹಾಡಿನ ಪ್ರಾಕ್ಟೀಸು, ಜೊತೆಗೆ ಊಟ. ಭಾನುವಾರ ಇಲ್ಲೇ ಮುಕ್ಕಾಲು ಗಂಟೆ ದೂರದ ಡಬ್ಲಿನ್ ಎಂಬ ಊರಿನಲ್ಲಿ ಗಣೇಶೋತ್ಸವ. ನಮ್ಮ ಹದಿನಾಲ್ಕು ಹೆಂಗಸರ ಭಜನೆ ಮಂಡಳಿಗೆ ಮೊಟ್ಟಮೊದಲ ಸಲ ಸ್ಟೇಜಿನ ಮೇಲೆ ಕಾಲು ಗಂಟೆ ಸಿಕ್ಕಿತ್ತು. ಅದಕ್ಕಾಗಿ ಎಷ್ಟು ಜನರಿಗೆ ಫೋನು ಮಾಡಿದ್ದೆವು, ಎಷ್ಟು ಜನರ ಮಕ್ಕಳ ಅರಂಗೇಟ್ರಂಗಳಲ್ಲಿ ಕೊನೆಯ ತನಕ ಕೂತಿದ್ದೆವು ಎಂಬುದು ನಮಗೇ ಗೊತ್ತು. ಮುಖ್ಯ ಗಾಯಕಿ ವಿಮಲಾ, ಮಂಡ್ಯದ ಕಡೆಯವಳು, ಗಟ್ಟಿ ಗಂಟಲು. ಮೇಲಿನ ಷಡ್ಜದಲ್ಲಿ ಅವಳು ನಿಂತರೆ ಅಡುಗೆಮನೆಯ ಲೋಟಗಳು ಸಣ್ಣಗೆ ದನಿಗೂಡಿಸುತ್ತವೆ. ಹಿಂದಿನ ತಿಂಗಳು ಅವಳ ಮನೆಯಲ್ಲಿ ಅವಳ ಬಿಸಿಬೇಳೆಬಾತನ್ನು ಎಲ್ಲರೂ ಎರಡು ಸಲ ಹಾಕಿಸಿಕೊಂಡಿದ್ದರು. ನನ್ನ ಪತ್ರೊಡೆಯ ಹಿಂದೆ ಇದೂ ಇತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಬೆಳಗ್ಗೆ ಒಂದು ವೀಡಿಯೋ ನೋಡಿ ಶುರು ಮಾಡಿದೆ. ಅಕ್ಕಿ, ಮೆಣಸಿನಕಾಯಿ, ಕಾಯಿ, ಬೆಲ್ಲ ರುಬ್ಬಿ ಆಯಿತು. ಹುಣಸೆಹಣ್ಣಿನ ಡಬ್ಬದಲ್ಲಿ ಬೀಜ, ನಾರು ಬಿಟ್ಟು ಉಳಿದದ್ದು ಒಂದು ಗೋಲಿಯಷ್ಟು. ಸಾಕು ಎಂದುಕೊಂಡೆ. ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ ನೋಡಿದರೆ ಇಡ್ಲಿ ಪಾತ್ರೆಯಲ್ಲಿ ನಾಲ್ಕು ಸರದಿಯಾಗುವಷ್ಟಿತ್ತು. ಒಂದೊಂದು ಸರದಿಗೆ ಒಂದು ಗಂಟೆಯಾದರೆ ನಾಲ್ಕು ಗಂಟೆ. ಆಗಲೇ ಒಂಬತ್ತೂವರೆ; ಹನ್ನೊಂದೂವರೆಗೆ ಎಲ್ಲರೂ ಬರುತ್ತಾರೆ.

"ನಿಧಿ, ಟೈಮರ್ ಇಪ್ಪತ್ತೈದು ನಿಮಿಷಕ್ಕೆ ಇಡು."

"ಬಟ್ ಆಂಟಿ ಸೆಡ್ ಒನ್ ಅವರ್, ಅಮ್ಮಾ."

"ಅದು ಅವರ ಎಲೆಗೆ. ನಮ್ಮ ಅಡುಗೆಗಲ್ಲ."

ಈ ಉತ್ತರದಲ್ಲಿ ಎಷ್ಟು ತಪ್ಪುಗಳಿವೆ ಎಂದು ಎಣಿಸುವ ಕೆಲಸ ನಿಮಗೇ ಬಿಟ್ಟಿದ್ದೇನೆ.

ನೈವೇದ್ಯವಾಗುವ ಮೊದಲು ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಆ ಪತ್ರೊಡೆಯನ್ನು ಮೊದಲು ತಿಂದವನು ಗಣಪತಿ. ಅವನು ದೂರು ಹೇಳಲಿಲ್ಲ. ಆಮೇಲೆ ಬಡಿಸಿದೆ. ಘಮಘಮ ಎನ್ನುತ್ತಿತ್ತು, ಎಲ್ಲರೂ ಎರಡೆರಡು ಹಾಕಿಸಿಕೊಂಡರು, ವಿಮಲಾ ಮೂರು. ನನ್ನ ಎದೆ ಉಬ್ಬಿತು; ನಾನೂ ಒಂದು ತಿಂದೆ.

ಐದು ನಿಮಿಷ ಕಳೆದಿರಬಹುದು. ಮೊದಲು ಯಾರೋ ಕೆಮ್ಮಿದರು. ಇನ್ಯಾರೋ ನೀರು ಕೇಳಿದರು. ನೋಡನೋಡುತ್ತಿದ್ದಂತೆ ಹದಿಮೂರು ಹೆಂಗಸರು ಹದಿಮೂರು ತರಹ ಗಂಟಲು ಸರಿಮಾಡಿಕೊಳ್ಳತೊಡಗಿದರು. ಮಂಡಳಿಯ ಇತಿಹಾಸದಲ್ಲಿ ಎಲ್ಲರೂ ಒಂದೇ ತಾಳದಲ್ಲಿ ಕೂಡಿದ್ದು ಅದೇ ಮೊದಲು. ವಿಮಲಾ ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ನಿಂತಳು.

"ಏನ್ ಜಯಕ್ಕ ಇದು? ಗಂಟ್ಲೊಳಕ್ಕೆ ಜೀರ್‌ಜಿಂಬೆ ಬಿಟ್ಟಂಗಾಯ್ತಾ ಅದೆ! ನಾಳೀಕೆ ನಾನೆಂಗ್ ಹಾಡ್ಲಿ?"

ನಮ್ಮಲ್ಲಿ ಹಿರಿಯರು ಶಾರದಕ್ಕ, ಉಡುಪಿ ಕಡೆಯವರು. ಪತ್ರೊಡೆ ಅವರ ತವರಿನ ಅಡುಗೆ. ಅವರು ಒಂದು ಚೂರು ಮಾತ್ರ ತಿಂದು ತಟ್ಟೆ ಸರಿಸಿದ್ದರು. "ಎಂತದು ಮಾರಾಯ್ತಿ, ಕೆಸುವಿನ ತುರಿಕೆ ಹೋಗ್ಲಿಕ್ಕೆ ಹುಳಿ ಹಾಕಿದ್ದೀಯಾ ಇಲ್ವಾ ನೀನು?" ಎಂದು ನನ್ನನ್ನೇ ದಿಟ್ಟಿಸಿದರು.

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ಹುಳಿ ಎಲ್ಲ ಸರಿಯಾಗೇ ಹಾಕಿದೀನಿ ಶಾರದಕ್ಕ. ಎಲೇದೇ ತೊಂದರೆ. ಇದು ನಮ್ಮ ಕೆಸು ಅಲ್ಲ, ಹವಾಯಿದು. ಏನು ಗೊಬ್ಬರ ಹಾಕಿದಾರೋ ಏನೋ" ಎಂದೆ. ಹೊಗಳಿಕೆ ಬರುವಾಗ ಕೆಸು ನಮ್ಮದಾಗಿತ್ತು, ಕೆರೆತ ಬಂದಾಗ ಅವರದಾಯಿತು.

ಅದೇ ಹೊತ್ತಿಗೆ ಬಾಗಿಲು ತೆರೆದೇ ಇದ್ದುದರಿಂದ ಮೋಮಿ ಆಂಟಿ ನೇರವಾಗಿ ಒಳಗೆ ಬಂದರು. ತಲೆಗೆ ಹೂವು, ಎರಡೂ ಕೈಯಲ್ಲಿ ಮುಚ್ಚಳವಿದ್ದ ದೊಡ್ಡ ಮರದ ಬಟ್ಟಲು, ಮುಖದ ತುಂಬ ನಗು. ವಿಮಲಾಗೆ ಅಷ್ಟು ಸಾಕಾಯಿತು. ಇದ್ದಬದ್ದ ದನಿಯನ್ನೆಲ್ಲ ಕೂಡಿಸಿಕೊಂಡು ಇಂಗ್ಲಿಷಿನಲ್ಲಿ, "ನಿಮ್ಮ ಎಲೆ ತಿಂದು ನಮ್ಮೆಲ್ಲರ ಗಂಟಲು ಹೋಯ್ತು!" ಎಂದಳು.

ಆಂಟಿಯ ನಗು ಆರಿತು. ಅವರು ನನ್ನ ಕಡೆ ತಿರುಗಿದರು. "ಎಷ್ಟು ಹೊತ್ತು ಬೇಯಿಸಿದೆ ಜಯಾ?"

"ಒಂದೂವರೆ ಗಂಟೆ" ಎಂದೆ.

ಆಂಟಿ ಬಟ್ಟಲನ್ನು ಮೇಜಿನ ಮೇಲಿಟ್ಟು ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತರು. ನಾನು ಬೈಗುಳ ಕಾಯುತ್ತಿದ್ದೆ. ಅವರು ಬೈಯಲಿಲ್ಲ, ನನ್ನ ಮಾತನ್ನು ನಂಬಿಬಿಟ್ಟರು. "ಒಂದೂವರೆ ಗಂಟೆ ಬೆಂದ್ರೂ ಹಿಡೀತು ಅಂದ್ರೆ ಗಿಡಾನೇ ಕೆಟ್ಟಿದೆ" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಆ ಹಳೇ ಟಬ್ಬಿಂದ ಏನೋ ಸೇರ್ಕೊಂಡಿರಬೇಕು. ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ." ಆಮೇಲೆ ಎದ್ದು ನಿಂತು ಎಲ್ಲರ ಕಡೆ ನೋಡಿ, "ನನ್ನಿಂದ ತಪ್ಪಾಯ್ತು, ಕ್ಷಮಿಸಿ. ಇವತ್ತೇ ಹೋಗಿ ಎಲ್ಲ ಕಿತ್ತುಹಾಕ್ತೀನಿ. ಇನ್ನೊಬ್ಬರಿಗೆ ಹೀಗಾಗೋದು ಬೇಡ" ಎಂದರು.

ಎಪ್ಪತ್ತೈದು ವರ್ಷದ ಹೆಂಗಸು, ಬರುವಾಗ ತಲೆಗೆ ಹೂವು ಮುಡಿದುಕೊಂಡು ಬಂದವರು, ನನ್ನ ಮನೆಯ ನಡುವೆ ನಿಂತು ನನ್ನ ತಪ್ಪಿಗೆ ಕ್ಷಮೆ ಕೇಳುತ್ತಿದ್ದರು. ಕಿತ್ತುಹಾಕುವುದು ಯಾರನ್ನು? ಅವರಮ್ಮ ನೆಟ್ಟ ಗಿಡವನ್ನು, ಅವರ ಅಣ್ಣನನ್ನು. ನಿಧಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನನ್ನೇ ನೋಡಿದಳು. ಹದಿನಾಲ್ಕು ವರ್ಷದಿಂದ ಸುಳ್ಳು ಹೇಳಬಾರದು ಎಂದು ನಾನೇ ಕಲಿಸಿದ ಹುಡುಗಿ.

"ಇಪ್ಪತ್ತೈದು ನಿಮಿಷ" ಎಂದೆ.

ಯಾರಿಗೂ ಕೇಳಿಸಲಿಲ್ಲ. ಕೆಮ್ಮಿನ ಸದ್ದು ಜೋರಿತ್ತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. "ಆಂಟಿ, ನಾನು ಬೇಯಿಸಿದ್ದು ಇಪ್ಪತ್ತೈದೇ ನಿಮಿಷ. ನೀವು ಹೇಳಿದ್ರಿ, ನಿಧಿ ಹೇಳಿದ್ಲು, ನಾನು ಕೇಳಲಿಲ್ಲ. ನಿಮ್ಮ ಗಿಡ ಚೆನ್ನಾಗಿದೆ. ಅದನ್ನ ಮುಟ್ಟಬೇಡಿ." ಅದನ್ನೇ ಕನ್ನಡದಲ್ಲಿ ಎಲ್ಲರಿಗೂ ಹೇಳಿದೆ. ಹೇಳುವ ಭರದಲ್ಲಿ, ಹುಣಸೆಹಣ್ಣು ಗೋಲಿಯಷ್ಟೇ ಇತ್ತು ಎಂಬುದನ್ನೂ, ಪತ್ರೊಡೆ ಮಾಡಿದ್ದು ಹುಟ್ಟಿದಾಗಿನಿಂದ ಇದೇ ಮೊದಲು ಎಂಬುದನ್ನೂ ಹೇಳಿಬಿಟ್ಟೆ.

ಆಮೇಲೆ ಸಾಲು ಪಟಾಕಿ. "ಹುಳಿ ಇಲ್ಲದೆ ಪತ್ರೊಡೆಯಾ!" ಎಂದು ಶಾರದಕ್ಕ ತಲೆ ಚಚ್ಚಿಕೊಂಡರು. ವಿಮಲಾ, "ನನ್ನ ಬಾತ್ ಮೇಲೆ ಹೊಟ್ಟೆಕಿಚ್ಚಿಗೆ ತಾನೆ ನೀವಿದ್ ಮಾಡಿದ್ದು?" ಎಂದು ನೇರ ಎದೆಗೇ ಗುರಿಯಿಟ್ಟಳು. ಮಿಕ್ಕವರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ನಮ್ಮ ಯಜಮಾನರು ಮಹಡಿಯ ಮೆಟ್ಟಿಲ ಮೇಲೆ ಕಾಣಿಸಿಕೊಂಡು, ಪರಿಸ್ಥಿತಿ ನೋಡಿ, ಬಂದ ದಾರಿಯಲ್ಲೇ ವಾಪಸಾದರು.

ಮೋಮಿ ಆಂಟಿ ಮೇಜಿನ ಹತ್ತಿರ ಹೋಗಿ ಮರದ ಬಟ್ಟಲಿನ ಮುಚ್ಚಳ ತೆಗೆದರು. ಕೈಯೆತ್ತಿ ಹೇಳಿದರು: "ಇನ್ನು ಯಾರೂ ಜಗಳ ಆಡೋ ಹಾಗಿಲ್ಲ."

ಎಲ್ಲರೂ ತಿರುಗಿ ನೋಡಿದರು.

"ಇದು ಪೊಯಿ. ಕಲೋ ಗೆಡ್ಡೆ ಬೇ‌ಯಿಸಿ ಕುಟ್ಟಿ ಮಾಡಿದ್ದು. ಈ ಬಟ್ಟಲು ತೆರೆದಿರೋ ತನಕ ಅಣ್ಣ ನಮ್ಮ ಜೊತೆ ಕೂತಿದಾನೆ ಅಂತ ಲೆಕ್ಕ. ಅಣ್ಣನ ಮುಂದೆ ಕಿತ್ತಾಡಬಾರದು. ನಮ್ಮನೇಲಿ ಅಪ್ಪ ಎಷ್ಟೇ ಕೋಪ ಮಾಡ್ಕೊಂಡಿರಲಿ, ಅಮ್ಮ ಇದರ ಮುಚ್ಚಳ ತೆಗೆದ ತಕ್ಷಣ ಬಾಯಿ ಮುಚ್ಚೋರು."

ಶಾರದಕ್ಕ ಇದನ್ನು ಉಳಿದವರಿಗೆ ಮತ್ತೊಮ್ಮೆ ಹೇಳಿ, "ಒಳ್ಳೆ ಕ್ರಮ" ಎಂದು ತೀರ್ಪು ಕೊಟ್ಟರು. ಕೋಣೆ ಶಾಂತವಾಯಿತು. ಆದರೆ ಬಟ್ಟಲಿನ ಹತ್ತಿರ ಯಾರೂ ಬರಲಿಲ್ಲ. ಅದೇ ಗಿಡದ ಗೆಡ್ಡೆಯಲ್ಲವೇ? ಕೊನೆಗೆ ನಾನೇ ಹೋಗಿ, ಆಂಟಿ ತೋರಿಸಿದಂತೆ ಎರಡು ಬೆರಳು ಅದ್ದಿ ಬಾಯಿಗಿಟ್ಟೆ. ತಣ್ಣಗಿತ್ತು, ನುಣ್ಣಗಿತ್ತು, ಒಂದಿಷ್ಟು ಹುಳಿ. ಬೂದುಬಣ್ಣದ ಆ ಹಿಟ್ಟು ಉರಿಯುವ ಗಂಟಲಿಗೆ ತಾಕಿದ್ದೇ ಬೆಣ್ಣೆಯಂತೆ ಒಳಗೆ ಜಾರಿತು.

"ಮುದ್ದೆ ಥರಾ ಇದೆ" ಎಂದೆ.

ಮುದ್ದೆ ಎಂಬ ಪದ ಕೇಳಿದ ಮೇಲೆ ಮಂಡ್ಯದವಳು ದೂರ ನಿಲ್ಲುವುದು ಸಾಧ್ಯವೇ? ವಿಮಲಾ ನನ್ನ ಮುಖ ನೋಡದೆ ಬಂದು, ಒಂದು ದೊಡ್ಡ ತುತ್ತು ತೆಗೆದು, ಉಂಡೆ ಮಾಡಿ, ಅಗಿಯದೆ ಗುಳುಂ ಎಂದು ನುಂಗಿದಳು. ಕಣ್ಣು ಮುಚ್ಚಿದಳು. ಇನ್ನೊಂದು ನುಂಗಿದಳು. ಮೂರನೆಯದಕ್ಕೆ, "ತಂಪಾಯ್ತು" ಎಂದಳು. ಆಂಟಿ ಬೆರಗಾಗಿ ನೋಡುತ್ತಿದ್ದರು. ಅವರ ಹುಲಾ ಶಿಷ್ಯರ ಪೈಕಿ ಹೊರಗಿನವರು ಯಾರೂ ಪೊಯಿಯನ್ನು ಮೊದಲ ಸಲಕ್ಕೇ ಮುಖ ಕಿವಿಚದೆ ತಿಂದದ್ದಿಲ್ಲವಂತೆ. "ಈ ಹುಡುಗಿ ಯಾವ ದ್ವೀಪದವಳು?" ಎಂದು ಕೇಳಿದರು. "ಮಂಡ್ಯ" ಎಂದಳು ವಿಮಲಾ, ಹೆಮ್ಮೆಯಿಂದ. ಆಮೇಲೆ ಹನ್ನೆರಡು ಕೈಗಳು ಒಟ್ಟಿಗೇ ಬಟ್ಟಲಿಗೆ ಬಂದವು.

ಮಾರನೆಯ ದಿನ ಡಬ್ಲಿನ್ನಿನಲ್ಲಿ ನಾವು ಹಾಡಿದೆವು. ಶ್ರುತಿಯನ್ನು ಎರಡು ಮನೆ ಕೆಳಗಿಳಿಸಬೇಕಾಯಿತು, ವಿಮಲಾ ಮೇಲಿನ ಷಡ್ಜದ ತಂಟೆಗೆ ಹೋಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಂದು, "ಈ ಸಲ ಹಾಡಿನಲ್ಲಿ ಒಂದು ಗಾಂಭೀರ್ಯ ಇತ್ತು" ಎಂದು ಮೆಚ್ಚಿಕೊಂಡರು. ಬೆಳಗ್ಗೆ ತಮ್ಮ ಬಾತ್‌ಟಬ್ಬಿಗೆ ಹೊಸ ನೀರು ಬಿಟ್ಟು, ಆಮೇಲೆ ನಮ್ಮ ಕಾರಿನಲ್ಲೇ ಬಂದಿದ್ದ ಮೋಮಿ ಆಂಟಿ ಎಲ್ಲದಕ್ಕೂ ಚಪ್ಪಾಳೆ ತಟ್ಟಿದರು, ಅನೌನ್ಸ್‌ಮೆಂಟುಗಳಿಗೂ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಶನಿವಾರದ ಮಧ್ಯಾಹ್ನ. ತಿಂದು ಮುಗಿಸಿದ ಹೆಂಗಸರು ಸುತ್ತ ಕೂತಿದ್ದರು. ಶಾರದಕ್ಕ ಮತ್ತು ಆಂಟಿ, ಕೆಸುವನ್ನು ಎಷ್ಟು ಬೇಯಿಸಬೇಕು ಎಂಬ ಬಗ್ಗೆ ಅರೆಬರೆ ಇಂಗ್ಲಿಷು, ಕೈಸನ್ನೆ ಸೇರಿಸಿ ಚರ್ಚೆ ನಡೆಸಿದ್ದರು. ಇಬ್ಬರಿಗೂ ಎಲ್ಲ ವಿಷಯದಲ್ಲೂ ಒಮ್ಮತವಿದ್ದಂತಿತ್ತು, ಮುಖ್ಯವಾಗಿ ನನ್ನ ವಿಷಯದಲ್ಲಿ. ಬಟ್ಟಲಿನ ತಳದಲ್ಲಿ ಇನ್ನೂ ಎರಡು ಬೆರಳಿನಷ್ಟು ಪೊಯಿ ಉಳಿದಿತ್ತು. ವಿಮಲಾ ನನ್ನೆದುರು ಕೂತು, ತುಟಿ ಬಿಗಿಹಿಡಿದು, ನನ್ನನ್ನೇ ನೋಡುತ್ತಿದ್ದಳು. ಅವಳ ದನಿ ಆಗಲೇ ಅರ್ಧ ವಾಪಸು ಬಂದಿತ್ತು. ಹೇಳಬೇಕಾದ ಮಾತುಗಳೆಲ್ಲ ಅವಳ ಮುಖದಲ್ಲಿ ಸರದಿಯಲ್ಲಿ ನಿಂತಿದ್ದವು.

ಮೋಮಿ ಆಂಟಿ ಎದ್ದು, ಸೆರಗಿನಂತಿದ್ದ ಅಂಗಿಯ ಅಂಚಿಗೆ ಕೈ ಒರೆಸಿಕೊಂಡು, "ಸರಿ ಜಯಾ, ಹೊರಡ್ತೀನಿ" ಎನ್ನುತ್ತಾ ಮುಚ್ಚಳಕ್ಕೆ ಕೈ ಹಾಕಿದರು.

ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ. "ಆಂಟಿ, ಬಟ್ಟಲು ನಾಳೆ ನಾನೇ ತೊಳೆದು ತಂದುಕೊಡ್ತೀನಿ. ಮುಚ್ಚಳ ಮಾತ್ರ ನೀವು ತೊಗೊಂಡು ಹೋಗಿ."